ಬ್ಯಾಡ್ರಿ ಅನ್ನುವ ಇಂಗ್ಲಿಷು

ಮೊಮ್ಮಕ್ಕಳೇ, ಎಲ್ಲರೂ ಗುರುವಿನ ಎದುರು ಕೂತು ಕಲಿಯುತ್ತಾರೆ. ನಾನು ಮಾತ್ರ ನನ್ನ ಇಂಗ್ಲಿಷನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ಕಲಿತವಳು. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ. ನಿಮ್ಮ ಅಜ್ಜ ಝಳಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಸಂಜೆ ಪಡಸಾಲೆಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ನಾನು ಹಳ್ಳಿ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಆದರೂ ಮೂವತ್ತು ವರ್ಷ ಅದೇ ಪಾಠ ಕೇಳಿದರೆ ರೊಟ್ಟಿಯ ಹಂಚಿಗೂ ಇಂಗ್ಲಿಷ್ ಬರುತ್ತದೆ. ಬಾಯಿಬಿಡುವ ಧೈರ್ಯ ಮಾತ್ರ ಇರಲಿಲ್ಲ. ಒಮ್ಮೆ ಒಬ್ಬ ಹುಡುಗ ಉತ್ತರಕ್ಕೆ ತಡವರಿಸುತ್ತಿದ್ದಾಗ ತಡೆಯಲಾರದೆ ಒಳಗಿನಿಂದಲೇ ಹೇಳಿಬಿಟ್ಟೆ. ಅಜ್ಜ ಎದ್ದು ಬಂದು, ರೇಡಿಯೊ ಬಂದ್ ಆಗಿದೆಯೋ ಇಲ್ಲವೋ ನೋಡಿ ಹೋದರು. ನಾನು ರೊಟ್ಟಿ ತಿರುವಿ ಹಾಕಿದೆ.

ಈ ಗುಟ್ಟು ರಟ್ಟಾದದ್ದು ಈಗ, ಝಳಕಿ ಬಿಟ್ಟು ಈ ಇಂಡಿ ಊರಿಗೆ ಬಂದು ಇಷ್ಟು ವರ್ಷಗಳ ಮೇಲೆ. ನಮ್ಮ ಪಕ್ಕದ ಮನೆಯ ಶರಣಪ್ಪನಿಗೆ ಲಿಂಬೆ ತೋಟವಿದೆ. ಅವನ ಹೆಂಡತಿ ಸಾವಿತ್ರಿ ನರ್ಸು. ಏಳು ತಿಂಗಳ ಹಿಂದೆ ಕೆಲಸ ಸಿಕ್ಕಿ ಐರ್ಲೆಂಡಿಗೆ ಹೋದಳು. ಅವಳ ಹಿಂದೆ ಶರಣಪ್ಪ, ಒಂಬತ್ತು ವರ್ಷದ ಮಗಳು ಭಾಗ್ಯ ಮತ್ತು ಶರಣಪ್ಪನ ಅವ್ವ ಗೌರವ್ವ ಹೋಗುವವರಿದ್ದರು. ಒಂದು ದಿನ ಭಾಗ್ಯ ನಮ್ಮ ಕಟ್ಟೆಯ ಮೇಲೆ ಕೂತು ಇಂಗ್ಲಿಷ್ ಪಾಠ ತಪ್ಪು ಓದುವಾಗ ನಾನು ತಿದ್ದಿದೆ. ಮರುದಿನ ಬೆಳಿಗ್ಗೆ ಮೂರೂ ಮಂದಿ ಒಂದು ಚೀಲ ಲಿಂಬೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಕ್ಕೋರ, ನಮಗೂ ಇಂಗ್ಲಿಷ್ ಕಲಸ್ರಿ," ಅಂದಳು ಗೌರವ್ವ.

"ನನಗೆಲ್ಲಿ ಬರ್ತೈತ್ರಿ?" ಅಂದೆ.

"ಬರೂದಿಲ್ಲಂತೀರಂದ್ರ ಚಲೋನ ಬರ್ತೈತಿ," ಅಂದು ಅವಳು ಒಳಗೆ ಬಂದು ಕೂತೇಬಿಟ್ಟಳು.

ಮಧ್ಯಾಹ್ನ ಮೂರಕ್ಕೆ ತರಗತಿ. ಆ ದಿನಗಳ ಸಡಗರ ಏನೆಂದು ಹೇಳಲಿ, ಬೆಳಿಗ್ಗೆ ಎದ್ದ ಕೂಡಲೇ ಯಾವಾಗ ಮೂರು ಬಡಿದೀತೋ ಅನ್ನಿಸುತ್ತಿತ್ತು. ಭಾಗ್ಯ ಒಂದು ನಿಮಿಷದಲ್ಲಿ ಕಲಿತದ್ದನ್ನು ಶರಣಪ್ಪ ಒಂದು ವಾರ ಲಿಂಬೆ ಗಿಡಗಳ ಮುಂದೆ ಒಪ್ಪಿಸುತ್ತಿದ್ದ. ಗೌರವ್ವನದು ಬೇರೆಯೇ ದಾರಿ. ಹೌ ಆರ್ ಯೂ ಅಂದರೆ ಫೈನ್ ಅನ್ನಬೇಕು ಎಂದು ಹೇಳಿಕೊಟ್ಟೆ.

"ಮೊಳಕಾಲು ನೋಯಾಕತ್ತಾವು, ಫೈನ್ ಹೆಂಗಂತ ಅನ್ಲಿ?" ಅಂದಳು.

"ಅವರು ಸುಮ್ಮನೆ ಕೇಳ್ತಾರ್ರಿ."

"ಅವರು ಸುಮ್ಮನ ಕೇಳೂದು, ನಾನು ಸುಳ್ಳು ಹೇಳೂದು. ಇದಕ್ಕ ವಿಮಾನ ಹತ್ತಿ ಹೋಗಬೇಕೇನ್ರಿ?"

ಆ ಪಾಠ ಅಲ್ಲಿಗೇ ಬಿಟ್ಟು ಮಾತಿಗಿಂತ ಮರ್ಯಾದೆಗೆ ಒತ್ತು ಕೊಟ್ಟೆ. ಪರದೇಶದಲ್ಲಿ ನಮ್ಮ ಕಡೆಯವರನ್ನು ಯಾರೂ ಹಪಾಪಿಗಳು, ಆಸೆಬುರುಕರು ಅನ್ನಬಾರದು. ನಮ್ಮಲ್ಲಿ ಚಹಾ ಬೇಕೇ ಅಂದರೆ ಮೊದಲ ಸಲಕ್ಕೇ ಹೂಂ ಅಂದವರನ್ನು ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತು. ಮೊದಲ ಸಲ ಬ್ಯಾಡ್ರಿ, ಎರಡನೆಯ ಸಲ ಈಗಷ್ಟೇ ಆತ್ರಿ, ಮೂರನೆಯ ಸಲ ಅರ್ಧ ಕಪ್ಪು ಹಾಕ್ರಿ. ಆದ್ದರಿಂದ ಯಾರು ಏನು ಕೊಡಲು ಬಂದರೂ "ನೋ ನೋ, ಥ್ಯಾಂಕ್ಯೂ" ಅನ್ನಬೇಕೆಂದು ಕಲಿಸಿದೆ. ನಿಜವಾದ ಚಹಾ ಮುಂದಿಟ್ಟು ನಾಲ್ಕು ದಿನ ಅಭ್ಯಾಸ ಮಾಡಿಸಿದೆ. ಅಜ್ಜಿ, ಮಗ, ಮೊಮ್ಮಗಳು ಮೂವರೂ ಸರಿಸಮ ಕಲಿತ ಪಾಠ ಇದೊಂದೇ. ನಿಮ್ಮ ಅಜ್ಜನಿಗೂ ಇಂಥ ಫಲಿತಾಂಶ ಬಂದಿರಲಿಕ್ಕಿಲ್ಲ ಎಂದು ಒಳಗೊಳಗೇ ಬೀಗಿದೆ.

ಅಷ್ಟರಲ್ಲಿ ಸಾವಿತ್ರಿಗೆ ಅಲ್ಲೊಂದು ಮನೆ ಖಾಲಿ ಇರುವುದು ಗೊತ್ತಾಯಿತು. ಆ ಊರಲ್ಲಿ ಬಾಡಿಗೆ ಮನೆ ಸಿಗುವುದು ಬಹಳ ಕಷ್ಟವಂತೆ. ಅವಳೇ ಇನ್ನೂ ಮೂವರ ಜೊತೆ ಒಂದು ಕೋಣೆಯಲ್ಲಿದ್ದಳು. ಮನೆ ಸಿಕ್ಕರೆ ಎಲ್ಲರೂ ಹೊರಡುವುದು, ಇಲ್ಲದಿದ್ದರೆ ಭಾಗ್ಯ ಮತ್ತೊಂದು ವರ್ಷ ಅವ್ವನನ್ನು ಫೋನಿನಲ್ಲೇ ನೋಡುವುದು. ಮನೆಯ ಒಡತಿ ಮೇರಿ ಎಂಬ ವಯಸ್ಸಾದ ಹೆಂಗಸು. ಮನೆಮಂದಿಯನ್ನೆಲ್ಲ ವೀಡಿಯೊ ಕಾಲಿನಲ್ಲಿ ನೋಡಿ ಮಾತಾಡಿಯೇ ಕೊಡುತ್ತೇನೆ ಅಂದಿದ್ದಳು.

ಭಾನುವಾರ ಸಂಜೆ ನಾಲ್ಕೂವರೆಗೆ ನಮ್ಮ ಪಡಸಾಲೆಯಲ್ಲೇ ಆ ವೀಡಿಯೊ ಕಾಲ್. ಗೌರವ್ವ ಇಳಕಲ್ ಸೀರೆ ಉಟ್ಟಿದ್ದಳು, ಶರಣಪ್ಪ ಹೊಸ ಟೊಪ್ಪಿಗೆ ಹಾಕಿದ್ದ. ನಾನು ವಾಡಿಕೆಯಂತೆ ಬಾಗಿಲ ಹಿಂದೆ. ಭಾಗ್ಯ ತನ್ನ ಪರಿಚಯವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು. ಮೇರಿ ನಕ್ಕು, ಮನೆಯಲ್ಲಿ ಮಂಚ, ಫ್ರಿಜ್ಜು ಇವೆ, ನಿಮಗಾಗಿ ಬಿಡಲೇ ಎಂದು ಕೇಳಿದಳು. "ನೋ ನೋ, ಥ್ಯಾಂಕ್ಯೂ," ಅಂದ ಶರಣಪ್ಪ. ಹಿತ್ತಲಲ್ಲಿ ತೋಟವಿದೆ, ಬೇಕೇ? "ನೋ ನೋ, ಥ್ಯಾಂಕ್ಯೂ," ಅಂದಳು ಗೌರವ್ವ. ಹಾಗಾದರೆ ಮನೆಯನ್ನು ನಿಮಗಾಗಿ ಇಡಲೇ? ಮೂವರೂ ಒಂದೇ ದನಿಯಲ್ಲಿ "ನೋ ನೋ, ಥ್ಯಾಂಕ್ಯೂ" ಅಂದರು. ಬಾಗಿಲ ಹಿಂದೆ ನಾನು ತಲೆಯಾಡಿಸಿ ತಾಳ ಹಾಕುತ್ತಿದ್ದೆ. ಒಬ್ಬರೂ ತಡವರಿಸಲಿಲ್ಲ. ಮಾತು ಮುಗಿದ ಕೂಡಲೇ ಶೇಂಗಾ ಹೋಳಿಗೆ ಹಂಚಿ ಮತ್ತೆ ಬಾಗಿಲ ಹಿಂದೆ ಸರಿದೆ.

ಹೋಳಿಗೆ ಇನ್ನೂ ಬಾಯಲ್ಲಿತ್ತು, ಸಾವಿತ್ರಿಯ ಫೋನು ಬಂತು. "ಮನಿ ಬ್ಯಾಡಂದ್ರೆಂತ? ಮೇರಿ ನಾಳೆ ಬ್ಯಾರೆಯವರಿಗೆ ಕೊಡ್ತಾಳಂತ," ಅಂದವಳ ದನಿ ಒಡೆದಿತ್ತು.

"ನಾವೆಲ್ಲಿ ಬ್ಯಾಡಂದೇವಿ?" ಗೌರವ್ವನಿಗೆ ನಿಜವಾಗಿಯೂ ಸಿಟ್ಟು ಬಂತು. "ಅಕಿ ಒಂದ ಸಲ ಕೇಳಿ ಬಿಟ್ಲು. ಮನಿ ಕೊಡಾಕಿ ಇನ್ನೊಮ್ಮೆ ಕೇಳಬಾರ್ದೇನು?"

ಭಾಗ್ಯ ಹೋಳಿಗೆಯನ್ನು ತಟ್ಟೆಯಲ್ಲಿಟ್ಟಳು. "ಅಕ್ಕೋರು ಮಾತಾಡ್ತಾರ," ಅಂದಳು. ಎಲ್ಲರೂ ಬಾಗಿಲ ಕಡೆ ನೋಡಿದರು. ಬಾಗಿಲ ಹಿಂದೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಬಂದೆ. ಸಾವಿತ್ರಿ ಮೇರಿಯನ್ನು ಮತ್ತೆ ವೀಡಿಯೊ ಕಾಲಿಗೆ ಕರೆತಂದಳು. ಅರವತ್ತೈದು ವರ್ಷದ ಬದುಕಿನಲ್ಲಿ ಅಪರಿಚಿತರೊಡನೆ ನನ್ನ ಮೊದಲ ಇಂಗ್ಲಿಷ್ ಮಾತು ಆ ಸಂಜೆ ಹೊರಬಿತ್ತು, ಅದೂ ಹುಡುಗರನ್ನು ಬೈಯುವಾಗಿನ ನಿಮ್ಮ ಅಜ್ಜನ ಧಾಟಿಯಲ್ಲಿ. ಅಮ್ಮಾ, ತಪ್ಪು ಇವರದಲ್ಲ, ಕಲಿಸಿದವಳು ನಾನು ಅಂದೆ. ನಮ್ಮ ಕಡೆ ಮೊದಲ ಬೇಡ ಅನ್ನುವುದು ಮರ್ಯಾದೆಗೆ, ಎರಡನೆಯದೂ ಮರ್ಯಾದೆಗೇ, ದಯವಿಟ್ಟು ಮೂರು ಸಲ ಕೇಳಿ ಅಂದೆ. ಮೇರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ತನ್ನ ಅಜ್ಜಿಯೂ ಚಹಾಕ್ಕೆ ಹೀಗೆಯೇ ಮಾಡುತ್ತಿದ್ದಳು, ತನಗೇ ಮರೆತುಹೋಗಿತ್ತು ಅಂದಳು. ಮನೆಯ ಮಾತನ್ನು ಮೂರು ಸಲ ಕೇಳಿದಳು. ಮೂರನೆಯ ಸಲಕ್ಕೆ ಶರಣಪ್ಪ ಯೆಸ್ ಅಂದದ್ದು ಬೀದಿಯ ತುದಿಗೆ ಕೇಳಿಸಿರಬೇಕು. ಗೌರವ್ವ ನನ್ನ ಸೆರಗು ಜಗ್ಗಿ, "ಮಂಚದ್ದೂ ಮತ್ತೊಮ್ಮೆ ಕೇಳ ಅಂತ ಹೇಳ್ರಿ," ಅಂದಳು.

ಇಷ್ಟಕ್ಕೇ ಮುಗಿದಿದ್ದರೆ ಚಂದವಿತ್ತು. ಫೋನು ಇಡುವ ಮುನ್ನ ಮೇರಿ ನನ್ನನ್ನೇ ನೋಡಿ, ಟೀಚರ್ ನೀವೂ ಬರಬೇಕು ಅಂದಳು. ನೋ ನೋ ಅಂದೆ. ಮತ್ತೆ ಕರೆದಳು, ನೋ ಅಂದೆ. ಮೂರನೆಯ ಸಲವೂ ಕರೆದಳು. ನಾನೇ ಹೇಳಿಕೊಟ್ಟ ಮೇಲೆ ಇನ್ನೇನು ಮಾಡಲಿ, ಯೆಸ್ ಅಂದೆ. ಚಹಾಕ್ಕಾದರೆ ಮೂರನೆಯ ಹೌದು ನಿಜವಾದ ಹೌದು. ನಮ್ಮ ಮನಿಗೆ ಬರ್ರಿ ಅಂದಾಗಿನ ಹೌದು ಬೀಳ್ಕೊಡುವ ಮಾತಷ್ಟೇ, ಅದನ್ನು ನಂಬಿ ಯಾರೂ ಒಲೆ ಹೊತ್ತಿಸುವುದಿಲ್ಲ. ಮೇರಿಗೆ ಅದನ್ನು ಯಾರು ಹೇಳಬೇಕು? ಅವಳು ಯಾವ ತಿಂಗಳು ಬರುತ್ತೀರಿ, ತಲೆದಿಂಬು ದಪ್ಪನೆಯದೋ ತೆಳ್ಳನೆಯದೋ ಎಂದು ಸಾವಿತ್ರಿಯ ಕಡೆಯಿಂದ ಕೇಳಿಸುತ್ತಲೇ ಇದ್ದಾಳೆ. ಅದು ಬಾಯುಪಚಾರದ ಮಾತಾಗಿತ್ತು ಎಂದು ತಿಳಿಸಿಬಿಡಬೇಕೆಂದು ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದೇನೆ. ನಿನ್ನೆ ಸಾವಿತ್ರಿ ತಲೆದಿಂಬಿನ ಮಾತು ಮತ್ತೆ ಕೇಳಿದಳು. ತೆಳ್ಳನೆಯದಿದ್ದರೆ ಸಾಕು ಅಂದೆ.