ಬೂದುಗುಂಬಳದ ಸೈಕಲ್ ಗಾಡಿ

ಸೈಕಲ್ಲಿನ ಹಿಂದೆ ಒಂದು ಗಾಡಿ ಕಟ್ಟಿಕೊಂಡು ಮಾಕಳಿಯಿಂದ ಪೀಣ್ಯದವರೆಗೆ ಬೂದುಗುಂಬಳಕಾಯಿ ಸಾಗಿಸುವುದು, ಬುದ್ಧಿ ಮತ್ತು ಶಿಸ್ತು ಎರಡೂ ಇರುವ ಮನುಷ್ಯನಿಗೆ ಕಷ್ಟದ ಕೆಲಸವಲ್ಲ. ನನಗೆ ಎರಡೂ ಇದ್ದವು. ಆದ್ದರಿಂದ ಮುಂದೆ ನಡೆದುದಕ್ಕೆ ನಾನು ಹೊಣೆಯಲ್ಲವೆಂದು ಬಹಳ ಕಾಲ ವಾದಿಸಿದ್ದೇನೆ. ಆ ವಾದವನ್ನು ಇದುವರೆಗೆ ಯಾರೂ ಪೂರ್ತಿಯಾಗಿ ಕೇಳಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಅಲ್ಲ. ತಯಾರಾಗಿ ಬಂದ ಯಂತ್ರದ ಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಪಾಸು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಾಪಸ್ಸು ಎಂದು ತೀರ್ಪು ಕೊಡುವ ಹುದ್ದೆ. ಈ ಹುದ್ದೆಯಲ್ಲಿರುವವನಿಗೆ ಗೌರವ ದೊರೆಯುತ್ತದೆ, ಗೆಳೆಯರು ದೊರೆಯುವುದಿಲ್ಲ. ನನಗೆ ಅದರ ಬಗ್ಗೆ ದೂರೂ ಇರಲಿಲ್ಲ. ಈ ನಂಜುಂಡಯ್ಯ ಪಾಸು ಮಾಡಿದ ವಸ್ತು ಕೆಟ್ಟಿತೆಂದು ಯಾರೂ ಬೆರಳು ತೋರಿಸಿದ್ದಿಲ್ಲ. ನನ್ನ ಬದುಕಿನಲ್ಲಿ ನಾನು ಸಂಪಾದಿಸಿದ್ದು ಆ ಒಂದು ಮಾತನ್ನು ಮಾತ್ರ.

ನಮ್ಮಲ್ಲಿ ಆಯುಧಪೂಜೆ ಹಬ್ಬದ ಹಿಂದಿನ ದಿನವೇ ನಡೆಯುತ್ತಿತ್ತು. ಯಂತ್ರಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಹೂ ಮುಡಿಸಿ, ಕೊನೆಗೆ ಒಂದೊಂದು ವಿಭಾಗದ ಹೆಸರಿನಲ್ಲಿ ಒಂದೊಂದು ಬೂದುಗುಂಬಳಕಾಯಿಯನ್ನು ಕುಂಕುಮ ತುಂಬಿ ನಿವಾಳಿಸಿ ಗೇಟಿನ ಮುಂದೆ ಒಡೆಯುವುದು ಪದ್ಧತಿ. ನಾನು ಹೇಳಹೊರಟಿರುವ ಪ್ರಸಂಗದ ಹಿಂದಿನ ವರ್ಷ ಕಾಯಿಗಳನ್ನು ಟೆಂಪೊದಲ್ಲಿ ತರಿಸಿದವರು ಫೋರ್‌ಮನ್ ರಂಗಸ್ವಾಮಿ. ನಾನು ಒಂದು ಕಾಯಿಯನ್ನು ಎತ್ತಿ ನೋಡಿ, ಇದರ ಒಂದು ಮಗ್ಗುಲು ಚಪ್ಪಟೆಯಾಗಿದೆ ಎಂದೆ. ಸತ್ಯವನ್ನೇ ಹೇಳಿದ್ದೆ. ರಂಗಸ್ವಾಮಿ ಬಾಯಿಯ ತುಂಬ ಕಡ್ಲೆಪುರಿ ತುಂಬಿಕೊಂಡು, ಅದನ್ನು ನುಂಗುವ ಸೌಜನ್ಯವನ್ನೂ ತೋರದೆ ಮಾತಾಡಿದರು.

"ತಪ್ಪು ಹುಡುಕೋದ್ ಬಿಟ್ಟು ಇನ್ನೇನಾದ್ರೂ ಮಾಡಕ್ಕೆ ಬರುತ್ತೇನ್ರೀ ನಿಮಗೆ? ಮುಂದಿನ್ ವರ್ಷ ನೀವೇ ತಂದು ತೋರಿಸಿ."

ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಕ್ಯಾಂಟೀನಿನ ಅಡುಗೆಯವನು ಕಾರಣವೇ ತಿಳಿಯದೆ ನಕ್ಕ. ಅವನನ್ನೂ ನಾನು ಕ್ಷಮಿಸಿಲ್ಲ.

ನಾನು ಸವಾಲನ್ನು ಸ್ವೀಕರಿಸಿದೆ. ಟೆಂಪೊ ಬಾಡಿಗೆಗೆ ತಂದರೆ ಅದು ರಂಗಸ್ವಾಮಿ ಮಾಡಿದ್ದನ್ನೇ ಮಾಡಿದಂತೆ. ನನ್ನ ಕೈಯಿಂದಲೇ ತಯಾರಾದ ವಾಹನದಲ್ಲಿ, ಎಲ್ಲ ಮಗ್ಗುಲೂ ಒಂದೇ ಸಮ ದುಂಡಗಿರುವ ಕಾಯಿಗಳನ್ನು ತಂದು ಅವರೆದುರು ಇಳಿಸಬೇಕು. ಇಷ್ಟೇ ನನ್ನ ಆಸೆ. ವರ್ಷವಿಡೀ ಅದನ್ನು ನೆನೆದು ನನಗೆ ಸರಿಯಾಗಿ ನಿದ್ದೆಯೇ ಬರಲಿಲ್ಲ.

ಗಣೇಶನ ಹಬ್ಬ ಮುಗಿದ ಕೂಡಲೇ ಹಿತ್ತಲಲ್ಲಿ ಕೆಲಸ ಆರಂಭಿಸಿದೆ. ಯಂತ್ರಗಳು ಬಂದಿದ್ದ ಪೆಟ್ಟಿಗೆಯ ಹಲಗೆ, ಹಳೆಯ ಸೈಕಲ್ಲುಗಳ ಎರಡು ಚಕ್ರ, ಗುಜರಿಯ ಕಬ್ಬಿಣದ ಪಟ್ಟಿ, ಇವಿಷ್ಟೇ ಸಾಮಗ್ರಿ. ಗಾಡಿ ಸುಲಭವಾಗಿ ಸಿದ್ಧವಾಯಿತು. ನಾನು ಶ್ರಮಪಟ್ಟಿದ್ದು ಅದನ್ನು ಸೈಕಲ್ಲಿಗೆ ಜೋಡಿಸುವ ಕೊಂಡಿಯ ಮೇಲೆ. ಎರಡು ಭಾಗಗಳು ಕೂಡುವಲ್ಲಿ ಅಲುಗಾಟವಿದ್ದರೆ ಕಾರ್ಖಾನೆಯಲ್ಲಿ ಅದಕ್ಕೆ 'ಪ್ಲೇ' ಎನ್ನುತ್ತಾರೆ. ಪ್ಲೇ ಇರುವ ಒಂದು ವಸ್ತುವನ್ನೂ ನಾನು ಪಾಸು ಮಾಡಿದವನಲ್ಲ. ನನ್ನ ಕೊಂಡಿಯನ್ನು ಅರದಿಂದ ತೀಡಿದೆ, ಅಳೆದೆ, ಮತ್ತೆ ತೀಡಿದೆ. ಕೊನೆಗೆ ನಾಲ್ಕು ಬೋಲ್ಟು ಬಿಗಿದಾಗ ಸೈಕಲ್ಲೂ ಗಾಡಿಯೂ ಒಂದೇ ಕಬ್ಬಿಣದಲ್ಲಿ ಎರಕ ಹೊಯ್ದಂತೆ ನಿಂತವು. ಹಿಡಿದು ಅಲುಗಿಸಿದರೆ ನಾನು ಅಲುಗಿದೆ, ಅದು ಅಲುಗಲಿಲ್ಲ!

ನನ್ನ ಪತ್ನಿ ಸುಶೀಲ ಅಕ್ಕಿ ಆರಿಸುತ್ತ ಇದನ್ನು ಬಹಳ ಹೊತ್ತು ನೋಡಿದಳು.

"ತಿರುಗುತ್ತೇನ್ರೀ ಇದು?"

ತುಮಕೂರು ರಸ್ತೆ ನೇರವಾಗಿದೆ ಎಂದೆ.

"ರಸ್ತೆ ನೇರ ಇದೆ, ಸರಿ. ಕಾರ್ಖಾನೆ ರಸ್ತೆ ಮಧ್ಯದಲ್ಲಿದ್ಯಾ?"

ಹೆಂಗಸರಿಗೆ ಯಂತ್ರಶಾಸ್ತ್ರ ವಿವರಿಸುವಷ್ಟು ಬಿಡುವು ನನಗಿರಲಿಲ್ಲ. ಆ ಸಂಜೆ ನಮ್ಮ ಬೀದಿಯಲ್ಲಿ ಖಾಲಿ ಗಾಡಿಯನ್ನು ಓಡಿಸಿ ನೋಡಿದೆ. ಬಾಣದಂತೆ ನೇರ ಹೋಯಿತು. ಬೀದಿಯ ತುದಿಯಲ್ಲಿ ಇಳಿದು, ಹಿಂಭಾಗವನ್ನು ಎತ್ತಿ, ತಿರುಗಿಸಿ ಇಟ್ಟು, ಮತ್ತೆ ಹತ್ತಿ ಬಂದೆ. ಇಳಿದದ್ದು ಬರಿಯ ಮುನ್ನೆಚ್ಚರಿಕೆಯೆಂದು ಸುಶೀಲಳಿಗೆ ಹೇಳಿದೆ. ನನಗೂ ಹೇಳಿಕೊಂಡೆ. ಗಾಡಿ ಪಾಸು.

ಪೂಜೆಯ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಕಾಯಿ ಒಡೆದು ಮುಗಿಯಬೇಕು. ಬೆಳಗಿನ ಮಂಜು ಇನ್ನೂ ಕರಗದಿರುವಾಗಲೇ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಬಿಳಿಯ ಅಂಗಿ ತೊಟ್ಟು, ಮಾಕಳಿಯ ಮುನಿಯಮ್ಮನ ರಸ್ತೆಬದಿಯ ಹೊಲದಲ್ಲಿ ನಿಂತಿದ್ದೆ. ಖಾಲಿ ಗಾಡಿಯನ್ನು ಮೊದಲೇ ಎತ್ತಿ ತಿರುಗಿಸಿ, ರಸ್ತೆಯ ಅಂಚಿನಲ್ಲಿ ಪೀಣ್ಯದ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಕೈಯಲ್ಲಿ ಅಳತೆಯ ಕಡ್ಡಿ. ಒಂದೊಂದು ಕಾಯಿಯನ್ನೂ ಮೂರು ಕಡೆ ಅಳೆದು, ದುಂಡಗಿರುವುದನ್ನು ಮಾತ್ರ ಗಾಡಿಗೆ ಹಾಕಿಸಿದೆ. ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ ಸ್ವಾಮಿ, ಎಣ್ಣು ನೋಡಾಕ್ ಬಂದಂಗೆ ನೋಡ್ತೀರಲ್ಲ. ಒಡೆಯಾಕೇ ಅಲ್ವಾ ಒಯ್ಯಾದು?"

ಕೊನೆಗೆ ಆಕೆ ಕೊಸರು ಎಂದು ನಾನು ಬೇಡವೆಂದಿದ್ದ ಒಂದು ಸೊಟ್ಟ ಕಾಯಿಯನ್ನೂ ಮೂಲೆಗೆ ತುರುಕಿದಳು. ವಾದಿಸಲು ಹೊತ್ತಿರಲಿಲ್ಲ. ಕಾಯಿಗಳ ಮೇಲೆ ನಿಂಬೆಹಣ್ಣಿನ ಚೀಲ, ಅದರ ಮೇಲೆ ಕುಂಕುಮದ ದೊಡ್ಡ ಪೊಟ್ಟಣ ಇಟ್ಟು ಹೊರಟೆ.

ಮಾಕಳಿಯಿಂದ ಪೀಣ್ಯದವರೆಗಿನ ಆ ಪ್ರಯಾಣವನ್ನು ನಾನು ಮರೆಯಲಾರೆ. ಗಾಡಿ ಒಮ್ಮೆಯೂ ಅಲುಗಲಿಲ್ಲ. ಎದುರು ಬಂದವರೆಲ್ಲ ತಿರುಗಿ ನೋಡಿದರು. ರಂಗಸ್ವಾಮಿಗೆ ಹೇಳಬೇಕಾದ ಮಾತನ್ನು ಪೆಡಲಿನ ತಾಳಕ್ಕೆ ಬಾಯಿಪಾಠ ಮಾಡುತ್ತ ಬಂದೆ.

ಕಾರ್ಖಾನೆಯ ರಸ್ತೆ ಬಲಕ್ಕೆ ಒಡೆಯುವ ಜಾಗ ಬಂತು. ಕೈ ತೋರಿಸಿದೆ. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದೆ. ಹ್ಯಾಂಡಲು ತಿರುಗಿತು, ಮುಂದಿನ ಚಕ್ರವೂ ತಿರುಗಿತು. ಉಳಿದ ವಾಹನ ನೆಲಮಂಗಲದ ಕಡೆಯಿಂದ ಹೊರಟಿದ್ದು ಬೆಂಗಳೂರಿಗೇ ಎಂಬ ನಿರ್ಧಾರದಲ್ಲಿ ನೇರ ನಡೆಯಿತು. ಇನ್ನಷ್ಟು ತಿರುಗಿಸಿದೆ. ಸೈಕಲ್ಲು ತಿರುಗಬೇಕಾದರೆ ಸ್ವಲ್ಪ ಒಂದು ಕಡೆಗೆ ವಾಲಬೇಕು. ಹುಟ್ಟಿದಾರಭ್ಯ ಸೈಕಲ್ ತುಳಿದ ನನಗೆ ಇದು ಹೊಳೆದದ್ದು ಆ ಕ್ಷಣದಲ್ಲಿ. ಮೈಯೆಲ್ಲ ಬಲಕ್ಕೆ ವಾಲಿಸಿದೆ. ಪ್ಲೇ ಇಲ್ಲದ ನನ್ನ ಕೊಂಡಿ, ನನ್ನ ವಾಲುವಿಕೆಯನ್ನು ಒಂದಿಷ್ಟೂ ಸೋರದಂತೆ ಗಾಡಿಗೆ ತಲುಪಿಸಿತು. ಗಾಡಿಯೂ ವಾಲಿತು. ಅದರ ಎಡಚಕ್ರ ನೆಲಬಿಟ್ಟು ಮೇಲೆದ್ದಿತು. ಮರುಕ್ಷಣ ನಾನು, ಸೈಕಲ್ಲು, ಗಾಡಿ ಮೂವರೂ ಒಟ್ಟಿಗೇ ಹೆದ್ದಾರಿಯ ನಡುವೆ ಮಲಗಿದ್ದೆವು. ಕೊಂಡಿ ಮಾತ್ರ ಬಿಡಲಿಲ್ಲ!

ದುಂಡಗಿನ ಕಾಯಿಗಳ ಗುಣವೆಂದರೆ ಅವು ಚೆನ್ನಾಗಿ ಉರುಳುತ್ತವೆ. ಉರುಳಿ ಕೆಲವು ತಾವೇ ಒಡೆದವು, ಕೆಲವು ಒಂದಕ್ಕೊಂದು ಬಡಿದು ಒಡೆದವು. ಕುಂಕುಮದ ಪೊಟ್ಟಣ ಸಿಡಿದು ಎಲ್ಲದರ ಮೇಲೂ, ನನ್ನ ಬಿಳಿಯ ಅಂಗಿಯ ಮೇಲೂ ಚೆಲ್ಲಿತು. ನಿಂಬೆಹಣ್ಣುಗಳು ರಸ್ತೆಯ ಉದ್ದಗಲಕ್ಕೆ ಹರಡಿದವು. ಆ ಸೊಟ್ಟ ಕಾಯಿ ಮಾತ್ರ ಉರುಳಲಾರದೆ ಗಾಡಿಯ ಮೂಲೆಯಲ್ಲಿ ಹಾಗೇ ಕೂತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಎದ್ದು ಅಂಗಿ ಕೊಡವಿಕೊಳ್ಳುತ್ತಿದ್ದೆ. ತುಮಕೂರಿನ ಕಡೆಯಿಂದ ಬಂದ ಲಾರಿಯೊಂದು ಒಡೆದ ಕಾಯಿಗಳ ಮುಂದೆ ಗಕ್ಕನೆ ನಿಂತಿತು. ಚಾಲಕ ಚಪ್ಪಲಿ ಬಿಟ್ಟು ಕೆಳಗಿಳಿದು ಕೈಮುಗಿದ. ಅದರ ಹಿಂದೆ ಇನ್ನೊಂದು ನಿಂತಿತು. ಎದುರು ಕಡೆಯಿಂದ ಬಂದ ಎತ್ತಿನ ಗಾಡಿಯವನೂ ಎತ್ತುಗಳನ್ನು ಹಿಂದಕ್ಕೆಳೆದ. ನಿವಾಳಿಸಿ ಒಡೆದ ಕಾಯಿಯನ್ನು ತುಳಿದರೆ ಅದರ ಪೀಡೆ ತುಳಿದವರಿಗೆ ಅಂಟುತ್ತದೆಂದು ನಮ್ಮಲ್ಲಿ ಎಲ್ಲರೂ ಬಲ್ಲರು. ಒಂದು ಕಾಯಿಯಾಗಿದ್ದರೆ ಬಳಸಿ ಹೋಗುತ್ತಿದ್ದರೋ ಏನೋ. ರಸ್ತೆಯ ತುಂಬ ಕೆಂಪಾಗಿ ಬಿದ್ದಿದ್ದ ಈ ಮಹಾಪೀಡೆಯನ್ನು ದಾಟಲು ಯಾರಿಗೂ ಎದೆಯಿರಲಿಲ್ಲ.

ಅಷ್ಟರಲ್ಲಿ ನಗರದ ಕಡೆಯಿಂದ ನಮ್ಮ ಕಾರ್ಖಾನೆಯ ಬಸ್ಸೇ ಬಂತು. ಒಳಗೆ ನಮ್ಮವರೆಲ್ಲ ಇದ್ದರು. ಪುರೋಹಿತರಾದ ದೀಕ್ಷಿತರು ಮುಂದಿನ ಸೀಟಿನಲ್ಲಿ, ಅವರ ಹಿಂದೆ ಕಿಟಕಿಯ ಪಕ್ಕ ರಂಗಸ್ವಾಮಿ. ಬಸ್ಸಿನ ಚಾಲಕ ಬೋರಣ್ಣ ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಕಟ್ಟಿ ಕುಳಿತ. ಒಮ್ಮೆ ನಾನು ಓಡಿ ಬರುತ್ತಿರುವುದನ್ನು ಕನ್ನಡಿಯಲ್ಲಿ ಕಂಡೂ ಬಸ್ಸು ಬಿಟ್ಟುಹೋದ ಮನುಷ್ಯ ಈತ. ನಾನು ಹತ್ತಿರ ಹೋಗಿ, ಇದು ಅಪಘಾತ, ಧಾರಾಳವಾಗಿ ಮೇಲೆ ಓಡಿಸು ಎಂದು ವಿವರಿಸಿದೆ.

"ಇಷ್ಟೊಂದ್ ಕಾಯಿ, ಮೇಲೆ ಕುಂಕುಮ, ಸುತ್ತ ನಿಂಬೆಹಣ್ಣು. ಅಪಘಾತ ಅಂದ್ರೆ ಯಾರ್ ನಂಬ್ತಾರೆ ಸಾರ್? ಮನೇಲಿ ಮಕ್ಳಿದಾವೆ, ನಾನ್ ದಾಟ್ಸಲ್ಲ."

ಲಾರಿಯವನು ನನ್ನ ಕೆಂಪು ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ.

"ಯಾರ್ ಮೇಲ್ ಸಾರ್ ಇಷ್ಟೊಂದ್ ಸಿಟ್ಟು?"

ನನ್ನ ಕಣ್ಣು, ನನ್ನ ಅಪ್ಪಣೆಯಿಲ್ಲದೆ, ರಂಗಸ್ವಾಮಿಯ ಕಿಟಕಿಯ ಕಡೆಗೆ ಹೋಯಿತು.

ಬಸ್ಸಿನಲ್ಲಿದ್ದವರೆಲ್ಲ ರಂಗಸ್ವಾಮಿಯ ಕಡೆಗೆ ತಿರುಗಿದರು. ಅವರ ಪಕ್ಕದಲ್ಲಿ ಕುಳಿತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ರಂಗಸ್ವಾಮಿಯ ಮುಖ ಬೂದುಗುಂಬಳದ ಬಣ್ಣಕ್ಕೆ ತಿರುಗಿತು. ಬಸ್ಸಿನಿಂದ ಇಳಿದು ಬಂದು, ಕಾಯಿಗಳ ಆಚೆಯೇ ಕೈಮುಗಿದು ನಿಂತು, ತಗ್ಗಿದ ದನಿಯಲ್ಲಿ ಹೇಳಿದರು.

"ನಂಜುಂಡಯ್ಯನೋರೇ, ಹೋದ್ ವರ್ಷ ಏನೋ ಬಾಯ್ ತಪ್ಪಿ ಅಂದ್ಬಿಟ್ಟೆ. ತಪ್ಪಾಯ್ತು. ಅದಕ್ಕೆ ಇಷ್ಟೆಲ್ಲಾ ಮಾಡ್ಬೇಕಿತ್ತಾ?"

ಓದುಗರು ನನ್ನ ಸ್ಥಿತಿಯನ್ನು ಯೋಚಿಸಬೇಕು. ವರ್ಷವಿಡೀ ಕಾದಿದ್ದ ಕ್ಷಮಾಪಣೆ, ಇಡೀ ಕಾರ್ಖಾನೆಯ ಎದುರಿಗೆ, ಕೈಮುಗಿದು ನನ್ನ ಮುಂದೆ ನಿಂತಿತ್ತು. ಸುಮ್ಮನಿದ್ದರೆ ಅದು ನನ್ನದು. ಆದರೆ ಸುಮ್ಮನಿದ್ದರೆ ನಾನು ಮಾಟಗಾರ; ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ ಅದು. ಮಾಟವಲ್ಲವೆಂದರೆ ಮತ್ತೇನು? ಗಾಡಿ ಯಾಕೆ ಮಗುಚಿತು? ಅದಕ್ಕೆ ಒಂದೇ ಉತ್ತರವಿತ್ತು, ಅದನ್ನು ಇದೇ ಕಾರ್ಖಾನೆಯವರ ಎದುರು ಹೇಳಬೇಕಿತ್ತು. ಬಸ್ಸಿನ ಹಿಂದೆ ಸಾಲಾಗಿ ಹಾರನ್ನುಗಳು ಕೂಗತೊಡಗಿದವು. ದೀಕ್ಷಿತರು ಕೈಗಡಿಯಾರ ನೋಡುತ್ತ ಕಿಟಕಿಯಿಂದ ತಲೆ ಹೊರಹಾಕಿದರು.

"ನೋಡಿ, ಕೈತಪ್ಪಿ ಬಿದ್ದಿದ್ರೆ ಅದಕ್ಕೆ ದೋಷ ಇಲ್ಲ, ಬೀಳಿಸಿದೋರೇ ಗುಡಿಸ್ಬೋದು. ಬೇರೆ ಏನಾದ್ರೂ ಆಗಿದ್ರೆ ನಾನು ಇಲ್ಲಿಂದಲೇ ಮನೆಗೆ ಹೋಗ್ತೀನಿ. ಯಾವುದು ಅಂತ ಬಾಯ್ಬಿಟ್ಟು ಹೇಳಿ. ರಾಹುಕಾಲ ಬಂತು."

ವಾಹನಕ್ಕೂ ರಸ್ತೆಯ ತಿರುವಿಗೂ ನಡುವೆ ಸೂಕ್ತ ಹೊಂದಾಣಿಕೆ ಏರ್ಪಡಲಿಲ್ಲ ಎಂದು ನಾನು ತಿಳಿಸಿದೆ. ಬೋರಣ್ಣ ಬಾಗಿಲ ಚಿಲಕ ಹಾಕಿಕೊಂಡು, ಹಾಗಾದರೆ ಮಾಟವೇ ಎಂದ.

ನನಗೆ ಬೇರೆ ದಾರಿ ಉಳಿಯಲಿಲ್ಲ.

"ಕೊಂಡಿ ತಪ್ಪಾಗಿದೆ. ಮಾಡಿದೋನು ನಾನು. ಅಳೆದು ಪಾಸು ಮಾಡಿದೋನೂ ನಾನೇ."

ರಂಗಸ್ವಾಮಿಯ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು. ಮುಗಿದಿದ್ದ ಕೈಗಳು ಬಿಡಿಸಿಕೊಂಡು ಸೊಂಟಕ್ಕೆ ಹೋದವು.

"ಸ್ವಲ್ಪ ಜೋರಾಗಿ ಹೇಳ್ರೀ," ಎಂದರು. "ಹಿಂದಿನ್ ಸೀಟ್‌ನೋರಿಗೆ ಕೇಳಿಸ್ಲಿಲ್ಲ."

ಎರಡನೆಯ ಬಾರಿಯೂ ಹೇಳಿದೆ. ಕ್ಷಮಾಪಣೆಯನ್ನು ಅವರು ಅಲ್ಲೇ ಹಿಂದಕ್ಕೆ ಪಡೆದುಕೊಂಡರು. ಬಸ್ಸಿನಲ್ಲಿದ್ದ ಪೊರಕೆಯನ್ನು ಬೋರಣ್ಣ ಕಿಟಕಿಯಿಂದ ಎಸೆದ. ಎರಡೂ ಕಡೆ ಸಾಲುಗಟ್ಟಿ ನಿಂತಿದ್ದ ಲಾರಿ, ಬಸ್ಸು, ಎತ್ತಿನ ಗಾಡಿಗಳ ನಡುವೆ ನಾನು ತುಮಕೂರು ರಸ್ತೆಯನ್ನು ಗುಡಿಸಿದೆ. ಅಲ್ಲೊಂದು ಚೂರು, ಇಲ್ಲೊಂದು ಬೀಜ ಎಂದು ಜನ ಕಿಟಕಿಗಳಿಂದ ಕೈತೋರಿಸುತ್ತಿದ್ದರು. ಇಷ್ಟು ಮಂದಿ ಇನ್‌ಸ್ಪೆಕ್ಟರುಗಳನ್ನು ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು.

ರಾಹುಕಾಲಕ್ಕೆ ಸ್ವಲ್ಪ ಮೊದಲು, ಎಲ್ಲ ವಿಭಾಗಗಳ ಹೆಸರನ್ನೂ ಒಂದೇ ಉಸಿರಿಗೆ ಹೇಳಿ, ಆ ಸೊಟ್ಟ ಕಾಯಿಯನ್ನೇ ಒಡೆದರು. ಒಡೆದವರು ರಂಗಸ್ವಾಮಿ. ಆ ವರ್ಷ ಕಾರ್ಖಾನೆಯಲ್ಲಿ ಒಂದು ಯಂತ್ರವೂ ಕೆಡಲಿಲ್ಲವೆಂಬುದನ್ನು ನಾನು ಇಲ್ಲಿ ದಾಖಲಿಸಬಯಸುತ್ತೇನೆ. ಅದರ ಶ್ರೇಯಸ್ಸನ್ನು ನನಗೆ ಯಾರೂ ಕೊಡಲಿಲ್ಲ.

ಸಂಜೆ ಸುಶೀಲ ಅಂಗಿ ನೆನೆಹಾಕುತ್ತ, ಏನಾಯಿತೆಂದು ಕೇಳಲೂ ಇಲ್ಲ. ಕೇಳಿದ್ದರೆ ರಸ್ತೆಯ ತಪ್ಪನ್ನು ವಿವರಿಸಬಹುದಿತ್ತು.

ಮರುವರ್ಷ ಪೂಜೆಯ ಕೆಲಸಗಳನ್ನು ಹಂಚುವಾಗ ನಾನು ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತಿದ್ದೆ. ಕಾಯಿ ತರುವುದು ಟೆಂಪೊದಲ್ಲಿ ಎಂದು ನಿಶ್ಚಯವಾಯಿತು. ಹೂವು ಒಬ್ಬರಿಗೆ, ಪುರಿ ಒಬ್ಬರಿಗೆ ಹೋಯಿತು. ಕಾಯಿ ಒಡೆದ ಮೇಲೆ ಗೇಟಿನ ಮುಂದೆ ಗುಡಿಸುವುದು ಯಾರು ಎಂಬ ಪ್ರಶ್ನೆ ಬಂದಾಗ, ಈ ಕೆಲಸವನ್ನು ಅನುಭವ ಇದ್ದವರಿಗೇ ಕೊಡಬೇಕೆಂದು ರಂಗಸ್ವಾಮಿ ಸೂಚಿಸಿದರು. ಕಾರ್ಖಾನೆಯಲ್ಲಿ ಅನುಭವ ಇದ್ದವನು ಒಬ್ಬನೇ.

ನಿವೃತ್ತನಾಗುವವರೆಗೂ ನಾನೇ ಗುಡಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತೆಂದು ರಂಗಸ್ವಾಮಿ ಪ್ರತಿ ವರ್ಷವೂ ಬಂದು ನೋಡಿ, ಪಾಸು ಮಾಡಿದರು.