ನಾನಿಲ್ಲದ ಗುಂಪು

ಕಚೇರಿಯಲ್ಲಿ ಶಿಸ್ತು ತರುತ್ತೇನೆಂದು ಎದ್ದು ನಿಂತವನ ಜೇಬು ತಡಕಿ ನೋಡಿದರೆ, ಒಳಗೆಲ್ಲೋ ಒಂದು ಸಣ್ಣ ಹೊಟ್ಟೆಕಿಚ್ಚು ಸಿಕ್ಕೇ ಸಿಗುತ್ತದೆ. ಇದು ಅನುಭವದ ಮಾತು. ತಡಕಿದ್ದು ನನ್ನದೇ ಜೇಬು. ನಾನು ಬೈಲಹೊಂಗಲದಲ್ಲಿ ಹನಿ ನೀರಾವರಿಯ ಪೈಪು, ವಾಲ್ವು ಮಾರುವ ಒಂದು ಸಣ್ಣ ಕಂಪನಿಯ ಮ್ಯಾನೇಜರ್. ಸಣ್ಣದೆಂದರೆ ಎಷ್ಟು ಸಣ್ಣದು? ಸಾವ್ಕಾರರು, ನಾನು, ಐದು ಜನ ಕೆಲಸದವರು. ‘ಮ್ಯಾನೇಜರ್’ ಎಂಬ ಹಲಗೆಯನ್ನು ಮೇಜಿನ ಮೇಲಿಂದ ತೆಗೆದರೆ ಹೊಸಬರು ನನ್ನನ್ನು ಆರನೆಯ ಕೆಲಸದವನೆಂದೇ ಎಣಿಸುತ್ತಿದ್ದರು. ಹಾಗಾಗಿ ಅದನ್ನು ದಿನಾ ನಾನೇ ಒರೆಸಿ ಇಡುತ್ತಿದ್ದೆ.

ನಮ್ಮದು ತಗಡಿನ ಸೂರಿನ ಗೋದಾಮು. ಒಳಗೆ ಮೊಬೈಲಿನ ಸಿಗ್ನಲ್ ಬರುವುದಿಲ್ಲ. ಏನಿದ್ದರೂ ಕಚೇರಿಯ ವೈಫೈಯೇ ಗತಿ. ಒಂದು ಮಧ್ಯಾಹ್ನ ಐದೂ ಫೋನುಗಳು ಒಟ್ಟಿಗೆ ‘ಟಿಂಗ್’ ಎಂದವು. ಐದೂ ತಲೆಗಳು ಬಾಗಿದವು. ಯಾರೋ ಕಿಸಕ್ಕೆಂದು ನಕ್ಕರು. ನನ್ನ ಫೋನು ಮಾತ್ರ ಮೌನವ್ರತ ಹಿಡಿದಂತೆ ಮಲಗಿತ್ತು. ಎರಡು ದಿನ ಗಮನಿಸಿದೆ. ಅನುಮಾನವೇ ಉಳಿಯಲಿಲ್ಲ: ಆಫೀಸಿನ ಗುಂಪು ಇರುವಾಗಲೇ, ನನ್ನನ್ನು ಬಿಟ್ಟು ಇವರೊಂದು ಬೇರೆ ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದಾರೆ. ಇದನ್ನು ಸಾವ್ಕಾರರಿಗೆ ಹೇಳುವುದು ಹೇಗೆ? ‘ನನ್ನನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ’ ಎಂದು ಐವತ್ತೆರಡು ವರ್ಷದ ಗಂಡಸು ದೂರು ಕೊಡಲಾದೀತೆ? ಆದ್ದರಿಂದ, “ಕೆಲಸದ ಹೊತ್ತು ಪೋಲಾಗಾಕ ಹತ್ತೈತ್ರಿ, ವಾಟ್ಸಾಪ್ ಬಂದ್ ಮಾಡಸ್ತೇನಿ” ಎಂದೆ.

“ನಿಮಗ ತಿಳದಂಗ ಮಾಡ್ರಿ,” ಎಂದರು ಸಾವ್ಕಾರರು. “ಆದ್ರ ಗಿರಾಕಿ ತಕರಾರು ನನ್ನ ತನಕ ಬರಬಾರದು ನೋಡ್ರಿ.”

ಗಿರಾಕಿಗಳ ದೂರು, ಆರ್ಡರುಗಳನ್ನು ನೋಡಿಕೊಳ್ಳುವವಳು ಗಿರಿಜಾ. ಕಂಪನಿಯ ಫೋನು ಅವಳ ಕೈಯಲ್ಲೇ ಇರುತ್ತದೆ. ಸುದ್ದಿ ತಿಳಿದದ್ದೇ ಬಂದು, “ಸರ್, ರೈತರು ಮುರದ ಸಾಮಾನಿನ ಫೋಟೋ ವಾಟ್ಸಾಪಿನ್ಯಾಗ ಕಳಸ್ತಾರ್ರಿ” ಎಂದಳು. “ಯಾಕ, ಫೋನ್ ಹುಟ್ಟೂಕಿಂತ ಮೊದಲ ರೈತರು ಇರಲಿಲ್ಲೇನು?” ಎಂದು ಅವಳ ಬಾಯಿ ಮುಚ್ಚಿಸಿದೆ. ಮಾತು ಬಹಳ ಚೆನ್ನಾಗಿ ಬಂತೆಂದು ಆ ದಿನವೆಲ್ಲ ನನಗೇ ಹೆಮ್ಮೆ.

ಕಿತ್ತೂರಿನಿಂದ ಬಂದ ನೆಟ್‌ವರ್ಕ್ ರಿಪೇರಿಯವನು ಅರ್ಧ ತಾಸಿನಲ್ಲಿ ವೈಫೈಯಲ್ಲಿ ವಾಟ್ಸಾಪ್ ಬಾರದಂತೆ ಮಾಡಿ ಮುಗಿಸಿದ. “ನಿಮ್ಮ ಫೋನಿಗೂ ಬಂದ್ ಮಾಡ್ಲೇನ್ರಿ?” ಎಂದು ಕೇಳಿದ. “ನನಗೊಂದು ಬಿಡು” ಎಂದೆ. ಅವನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, “ಬಿಡ್ತೇನ್ರಿ. ಆದ್ರ ನಿಮ್ಮ ಜೋಡಿ ಮಾತಾಡಾವ್ರು ಯಾರ್ರಿ?” ಎಂದ. ಪ್ರಶ್ನೆ ತಾಂತ್ರಿಕವಾದದ್ದೆಂದು ತಿಳಿದುಕೊಂಡೆ.

ಮರುದಿನದಿಂದ ಕಚೇರಿಯಲ್ಲಿ ಶಿಸ್ತೋ ಶಿಸ್ತು. ಮೊದಲು ಕುರ್ಚಿಯಲ್ಲಿ ಕುಳಿತೇ ಕೆಲಸ ತಪ್ಪಿಸುತ್ತಿದ್ದರು. ಈಗ ಕುರ್ಚಿಗಳೂ ಖಾಲಿ. ಸಿಗ್ನಲ್ ಸಿಗುವ ಗೇಟಿನ ಬಳಿ ಸರದಿಯ ಮೇಲೆ ಒಬ್ಬೊಬ್ಬರು ನಿಂತಿರುತ್ತಿದ್ದರು. ಗಿರಿಜಾಳೂ ಕಂಪನಿಯ ಫೋನು ಹಿಡಿದು ದಿನಕ್ಕೆ ನಾಲ್ಕು ಸಲ ಓಡತೊಡಗಿದಳು. ಮೂರನೆಯ ದಿನ ಅವಳನ್ನು ತಡೆದು, “ಇನ್ನೊಮ್ಮಿ ಗೇಟಿಗೆ ಹೋದ್ರ ನೋಟೀಸ್ ಕೊಡ್ತೇನಿ” ಎಂದೆ. ಅವಳು ಫೋನನ್ನು ಡ್ರಾಯರಿನಲ್ಲಿಟ್ಟು ಕುಳಿತಳು. ನಾನು ಗೆದ್ದೆ.

ಗೆಲುವು ಎರಡು ದಿನ ಬಾಳಿತು. ಮೂರನೆಯ ದಿನ ಬೆಳಿಗ್ಗೆ ಉಗರಗೋಳದ ಕಾಶವ್ವ ಬಂದಳು. ಸವದತ್ತಿಯಲ್ಲಿ ಬಸ್ಸು ಬದಲಾಯಿಸಿ, ಕೈಚೀಲದಲ್ಲಿ ಸೀಳಿದ ವಾಲ್ವು ಹೊತ್ತು ತಂದಿದ್ದಳು. ಅದನ್ನು ತೆಗೆದು ನನ್ನ ಹಲಗೆಯ ಪಕ್ಕದಲ್ಲೇ ಕುಕ್ಕಿದಳು. “ಫೋಟೋ ಕಳಿಸೇನಿ. ಫೋನಿನ್ಯಾಗ ಬಾಯಿಲೆ ಹೇಳಿ ಕಳಿಸೇನಿ. ಎರಡ ದಿನಾ ಆತು, ಒಂದರ ಉತ್ತರ ಬ್ಯಾಡೇನ್ರಿ? ಬದ್ನಿ ಸಸಿ ಎಲ್ಲಾ ತಲಿ ಕೆಳಗ ಹಾಕ್ಯಾವು. ಮೊದಲ ಈ ಹುಡುಗಿ ಒಂದ ತಾಸಿನ್ಯಾಗ ಉತ್ತರ ಕೊಡತಿದ್ಲು.”

ಒಳಕೋಣೆಯಲ್ಲಿ ಸಾವ್ಕಾರರು ಕೆಮ್ಮಿದರು. ಆ ಕೆಮ್ಮು ಕೇಳಿದ್ದೇ ನನ್ನ ನಾಲಿಗೆ ನನ್ನನ್ನು ಕೇಳದೆಯೇ, “ಗಿರಿಜಾ ನೋಡಿಲ್ಲ ಕಾಣಸ್ತೈತ್ರಿ” ಎಂದುಬಿಟ್ಟಿತು.

ಕಾಶವ್ವ ಗಿರಿಜಾಳತ್ತ ತಿರುಗಿದಳು. “ಯಾಕವಾ, ನನ್ನ ಸಸಿ ನಿನಗ ಸಸಿ ಅನಸಲಿಲ್ಲೇನು?” ಗಿರಿಜಾ ನನ್ನನ್ನು ನೋಡಲೂ ಇಲ್ಲ. ನೋಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಡ್ರಾಯರು ತೆಗೆದು, ಆ ಫೋನನ್ನು ಒರೆಸುತ್ತ ನಿಂತಳು. “ಅಕಿ ತಪ್ಪಲ್ಲವಾ,” ಎಂದೆ. “ನಾನ ಬಂದ್ ಮಾಡಿಸೇನಿ.”

“ಯಾಕ್ರಿ?”

ಜಗತ್ತಿನಲ್ಲಿ ಇಷ್ಟು ಸಣ್ಣ ಪ್ರಶ್ನೆಗೆ ಇಷ್ಟು ಹೊತ್ತು ತಡವರಿಸಿದವನು ಇನ್ನೊಬ್ಬನಿರಲಾರ. ಕೊನೆಗೆ, “ನಡೀರಿ, ಈಗಿಂದೀಗ ಹೊಸಾದು ಹಾಕಿಸ್ತೇನಿ” ಎಂದೆ.

ಕಂಪನಿಯ ಟೆಂಪೊ ಹೊರಟಿತು. ಚಾಲಕನ ಪಕ್ಕದ ಸೀಟು ಕಾಶವ್ವನಿಗೆ. ಯಾವ ವಾಲ್ವಿಗೆ ಯಾವ ರಿಂಗು ಎಂಬುದು ಗಿರಿಜಾಳಿಗೆ ಮಾತ್ರ ಗೊತ್ತಿದ್ದುದರಿಂದ ಅವಳೂ ಬಂದಳು. ನಾವಿಬ್ಬರೂ ಹಿಂದೆ, ಪೈಪಿನ ಸುರುಳಿಗಳ ಮೇಲೆ. ಪ್ರತಿ ಗುಂಡಿಗೂ ಮ್ಯಾನೇಜರಿಕೆ ಒಂದು ಗೇಣು ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ತಡೆಯಲಾಗದೆ ಕೇಳಿಯೇಬಿಟ್ಟೆ: “ನಿಮ್ಮ ಆ ಗುಂಪಿನ್ಯಾಗ ನನ್ನ ಬಗ್ಗೆ ಏನ ಬರೀತೀರಿ?”

“ನಿಮ್ಮ ಬಗ್ಗೆನಾ?” ಗಿರಿಜಾಳಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅದು ಆರ್ಡರಿಂದ್ರಿ ಸರ್. ಯಾರ ವಾಲ್ವು ಒಡೀತು, ರಾಮದುರ್ಗಕ್ಕ ಯಾವ ಮಾಲು ಹೋತು, ಅದ.”

“ಮತ್ತ ನಗತಿದ್ರಿ?”

“ಗಿರಾಕಿ ಕಳಿಸೋ ಫೋಟೋ ನೋಡಿದ್ರ ನಗಿ ಬರತೈತ್ರಿ. ಒಬ್ಬಾಂವ ವಾಲ್ವ್ ಅಂತ ಹೆಂಡ್ತಿ ಕುಕ್ಕರ್ ಸೀಟಿ ಕಳಿಸಿದ್ದ.”

“ಆಫೀಸಿಂದು ಗುಂಪು ಐತೆಲ್ಲ, ಅದರಾಗ ಯಾಕ ಹಾಕಲಿಲ್ಲ?”

“ಅದರಾಗ ನೀವು ಮುಂಜಾನೆದ್ದು ಸುವಿಚಾರ ಹಾಕ್ತೀರೆಲ್ರಿ ಸರ್. ಹೂವಿಂದು, ಸೂರ್ಯಂದು, ಮ್ಯಾಲ ಆರೋಗ್ಯದ್ದು. ಆರ್ಡರು ಕೆಳಗ ಹೂತು ಹೋಗತಿದ್ದೂ. ನಿಮಗ ಹ್ಯಾಂಗ ಹೇಳೂದು? ಅದಕ್ಕ ಬ್ಯಾರೆ ಮಾಡ್ಕೊಂಡ್ವಿ.”

ನಮ್ಮ ಕಂಪನಿಯಲ್ಲಿ ಕೆಲಸ ನಡೆಯುತ್ತಿದ್ದ ಏಕೈಕ ಜಾಗವನ್ನು ಹುಡುಕಿ ಹುಡುಕಿ ಬೀಗ ಹಾಕಿಸಿದ್ದೆ. ಉಳಿದ ದಾರಿಯುದ್ದಕ್ಕೂ ನಾನು ಒಂದೂ ಸುವಿಚಾರ ಹೇಳಲಿಲ್ಲ.

ಕಾಶವ್ವನ ಹೊಲದಲ್ಲಿ ಗಿರಿಜಾ ಹೊಸ ವಾಲ್ವು ಕೂರಿಸಿದಳು. ನಾನು ಸ್ಪ್ಯಾನರು ಹಿಡಿದುಕೊಂಡೆ. ನೀರು ಹನಿಯತೊಡಗಿತು. ನಾಲ್ಕು ಸಾಲು ಸಸಿ ಹೋಗಿಯೇಬಿಟ್ಟಿದ್ದವು, ಉಳಿದವು ಬದುಕಿದವು. ಕಾಶವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ನನ್ನ ಖಾಸಗಿ ನಂಬರನ್ನೂ ಬರೆಸಿಕೊಂಡಳು: “ಇನ್ನ ಮ್ಯಾಲ ನಿಮಗ ಕಳಸ್ತೇನಿ.”

ಮರುದಿನವೇ ನಿರ್ಬಂಧ ತೆಗೆಸಿದೆ. ಅಂದಿನಿಂದ ಕಾಶವ್ವ ದಿನಾ ಧ್ವನಿ ಸಂದೇಶ ಕಳಿಸುತ್ತಾಳೆ. ಮೊದಲು ವಾಲ್ವಿನ ಕ್ಷೇಮ, ಆಮೇಲೆ ಬದನೆಯದು, ಆಮೇಲೆ ಮನೆಯವರೆಲ್ಲರದು. ಉತ್ತರ ಕೊಡದಿದ್ದರೆ ಬಸ್ಸು ಹತ್ತಿ ಬಂದಾಳೆಂಬ ಭಯಕ್ಕೆ ಪೂರ್ತಿ ಕೇಳುತ್ತೇನೆ. ಮೊನ್ನೆ ಹಾಗೆ ಫೋನನ್ನು ಕಿವಿಗೆ ಒತ್ತಿಕೊಂಡು ಒಬ್ಬನೇ ನಗುತ್ತಿದ್ದಾಗ ಸಾವ್ಕಾರರು ಮುಂದೆ ನಿಂತಿದ್ದರು. “ಏನ್ರಿ ಮ್ಯಾನೇಜರ್, ಕೆಲಸದ ಹೊತ್ತಿನ್ಯಾಗ?”

ನಾನು ಫೋನನ್ನು ಕಿವಿಯಿಂದ ಇಳಿಸಿದೆ. ಗಿರಿಜಾ ತಲೆ ಎತ್ತದೆ, “ಗಿರಾಕಿದು ಐತ್ರಿ. ತಕರಾರು ಕೇಳಾಕ ಹತ್ತ್ಯಾರ” ಎಂದಳು.

ಸಾವ್ಕಾರರು ಮೆಚ್ಚಿ ತಲೆಯಾಡಿಸಿ ಹೋದರು. ಕಾಶವ್ವನ ಎಮ್ಮೆ ಹೆಣ್ಣು ಕರು ಹಾಕಿದ ಸುದ್ದಿಯನ್ನು ನಾನು ಮೊದಲಿನಿಂದ ಮತ್ತೆ ಕೇಳಿದೆ, ಈ ಸಲ ತೀರ ಗಂಭೀರವಾದ ಮುಖ ಮಾಡಿಕೊಂಡು.