ಹುಣಸೆಮರದಡಿ ನಿಂತವಳು ಯಾವ ದೇಶದವಳು?

ಚಲಪತಿ ಒಂದು ದೆವ್ವವನ್ನು ಜಡೆ ಹಿಡಿದು ಎಳೆದು, ಹುಣಸೆಮರದ ಸುತ್ತ ಗಾಣದೆತ್ತಿನ ಹಾಗೆ ತಿರುಗಿಸಿ, ಕೆನ್ನೆಗೆರಡು ಬಾರಿಸಿ, ಸೂಳಗಿರಿ ಬಸ್ಸು ಹತ್ತಿಸಿ ಕಳಿಸಿಬಿಟ್ಟಿದ್ದ. ದೆವ್ವ ಕಿಟಕಿಯಿಂದ ಕೈ ಮುಗಿದು, ‘ತಪ್ಪಾಯ್ತು ಒಡೆಯಾ’ ಎಂದು ಅತ್ತಿತ್ತಂತೆ. ಸಾಕ್ಷಿ ಬೇಕಿದ್ದರೆ ಸಾನಮಾವು ಕಾಡಿನ ಆನೆಗಳನ್ನು ಕೇಳಿ ಎಂದೂ ಹೇಳಿದ್ದ.

ಇದನ್ನು ಊರಲ್ಲಿ ಒಂದು ಕೋಳಿಯೂ ನಂಬಲಿಲ್ಲ. ಆದರೆ ಚಲಪತಿಯನ್ನು ನಂಬದವರೂ ಅವನ ದೆವ್ವವನ್ನು ಮಾತ್ರ ನಂಬಿಬಿಟ್ಟರು. ಹೋದ ವಾರದಿಂದ, ಬಿಸಿಲು ಅಂಗಳಕ್ಕೆ ಇಳಿಯುವ ತನಕ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಕಾಡಂಚಿನ ಆ ಪುಟ್ಟ ಊರಿಗೆ ಮಾರ್ಗಶಿರದ ಮಂಜು ಬೇರೆ. ಎಷ್ಟು ದಟ್ಟ ಮಂಜೆಂದರೆ, ಹಸುವೊಂದು ತನ್ನ ಕರು ಅಂತ ತಿಳಿದು ಪಕ್ಕದ ಮನೆ ನಾಯಿಯನ್ನು ನೆಕ್ಕುತ್ತಾ ಕೂತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಒಗ್ಗರಣೆಯಿಲ್ಲದೆ ಬಡಿಸುವ ಪೈಕಿ ಅಲ್ಲ ಚಲಪತಿ. “ಅದ್ರ ಮಾತು ಕನ್ನಡ ಅಲ್ಲ, ತೆಲುಗಲ್ಲ, ತಮಿಳೂ ಅಲ್ಲ ಕಣ್ಲಾ. ಯಾವ್ದೋ ಸಮುದ್ರದಾಚೆ ಭಾಷೆ!” ಎಂದು ಸೇರಿಸಿದ್ದ.

ಮೂರು ಭಾಷೆಯನ್ನೂ ಒಂದೇ ಉಸಿರಲ್ಲಿ ಆಡುವ ಗಡಿಯ ಊರದು. ಅಲ್ಲಿ ನಾಲ್ಕನೆಯದನ್ನು ಆಡುವವಳು ಒಬ್ಬಳೇ, ಮಾಲಿನಿ. ಗಂಗರತ್ನಮ್ಮನ ಮಗ ಕುಮಾರೇಶ್ ಮಲೇಶಿಯಾದಲ್ಲಿ ಕೆಲಸಕ್ಕಿದ್ದಾಗ ಮದುವೆಯಾಗಿ ಕರೆತಂದ ಹೆಂಡತಿ. ಅಕ್ಕನ ಜೊತೆ ಫೋನಿನಲ್ಲಿ ಅವಳು ಮಲಯ ಭಾಷೆ ಆಡುವುದನ್ನು ಎಲ್ಲರೂ ಕೇಳಿದ್ದರು. ಊರು ಸುಮ್ಮನೆ ಎರಡಕ್ಕೆರಡು ಕೂಡಿಸಿ ಏಳು ಮಾಡಿತು. ಹೋದ ವರ್ಷ ತಂದೆ ತೀರಿಕೊಂಡಾಗ ಅವಳು ಹೋಗಿ ಬಂದಿದ್ದಳಲ್ಲ? “ಹೋದೋಳು ಮಾಲಿನೀನೇ. ಬಂದಿದ್ದು ಯಾರು?” ಎಂದು ನೆರೆಯ ಅಂಜಮ್ಮ ಕೇಳಿದಳು. ಕೇಳಿದವರೆಲ್ಲ ಮನೆಗೆ ಓಡಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು.

ಇಂಥ ಒಂದು ಬೆಳಿಗ್ಗೆಯೇ ಕಲೆಕ್ಟರ್ ಕಚೇರಿಯ ರಾಧಾಮಣಿ ಮೇಡಂ ಸ್ಕೂಟರಿನಲ್ಲಿ ವಿಚಾರಣೆಗೆ ಬಂದರು.

ಮಾಲಿನಿ ಭಾರತದ ಪ್ರಜೆಯಾಗಲು ಅರ್ಜಿ ಹಾಕಿದ್ದಳು. ಇಲ್ಲಿಯವನನ್ನು ಮದುವೆಯಾದವಳು ಏಳು ವರ್ಷ ಇಲ್ಲೇ ನೆಲೆಸಿರಬೇಕು. ನಡತೆ ಒಳ್ಳೆಯದೆಂದು ಬಲ್ಲವರು ಹೇಳಬೇಕು. ಆಮೇಲೆ ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆಂದು ಪ್ರಮಾಣ ಮಾಡಬೇಕು. ಆ ಏಳು ವರ್ಷವನ್ನು ಅವಳು ಹೇಗೋ ಕಾದು ಮುಗಿಸಿದ್ದಳು. ವೀಸಾ ಮುಗಿಯುತ್ತಾ ಬಂದಿತ್ತು. ಇವತ್ತಿನ ವರದಿ ಕೆಟ್ಟರೆ ಕಂಕುಳ ಕೂಸನ್ನು ಅತ್ತೆ ಗಂಗರತ್ನಮ್ಮನ ಕೈಗಿಟ್ಟು ವಿಮಾನ ಹತ್ತಬೇಕಾದೀತೆಂಬ ಭಯ ಆ ಮನೆಯನ್ನು ತಿನ್ನುತ್ತಿತ್ತು.

ರಾಧಾಮಣಿ ಮೊದಲು ತಟ್ಟಿದ್ದು ರಾಮಾಂಜಿನಪ್ಪನ ಬಾಗಿಲು. ಅದು ನಾಲ್ಕು ಬೆರಳಷ್ಟು ತೆರೆಯಿತು. ಮುದುಕನ ಒಂದು ಕಣ್ಣು ಹೊರಬಂದು ಸೀದಾ ಅವರ ಕಾಲ ಮೇಲೆ ಕೂತಿತು.

“ಏನ್ ನೋಡ್ತಿದೀರಾ?”

“ಪಾದ ಮುಂದಕ್ಕೈತಾ ಅಂತ ನೋಡ್ದೆ ತಾಯಿ. ಐತೆ. ಬನ್ನಿ, ಕೂತ್ಕಳಿ.”

“ಮಾಲಿನಿ ಏಳು ವರ್ಷದಿಂದ ಇಲ್ಲೇ ಇದಾರಾ?”

“ಇದ್ಲು.”

“ಇದ್ಲು ಅಂದ್ರೆ? ಈಗ?”

“ಈಗ ಇರೋದು ಏನು ಅಂತ ನಾನ್ ಹೆಂಗೇಳ್ಲಿ?”

ಪಕ್ಕದ ಮನೆಯ ಅಂಜಮ್ಮನನ್ನು ಕೇಳಿದರು. “ಅವ್ರ ನಡತೆ ಹೇಗಮ್ಮಾ?”

“ನಡೆದ್ರೆ ಸದ್ದೇ ಆಗಾಕಿಲ್ಲ ಕಣವ್ವ. ಗೆಜ್ಜೆ ಐತೆ, ಸದ್ದಿಲ್ಲ!”

ರಾಧಾಮಣಿ ಬಿಳಿಚಿಕೊಂಡರು. ಅರ್ಜಿದಾರರು ಬದುಕಿರಬೇಕೆಂದು ಅವರು ಓದಿದ್ದ ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. ಬರೆದವರಿಗೆ ಆ ಅನುಮಾನವೇ ಬಂದಿರಲಿಕ್ಕಿಲ್ಲ. ಅದೇ ಹೊತ್ತಿಗೆ ಕಾಡಿನೊಳಗೆ ಯಾವುದೋ ಮರ ಲಟಲಟನೆ ಮುರಿಯಿತು. ಆನೆಯೇ ಇರಬೇಕು. ಆದರೆ ಎಲ್ಲರೂ ತಿರುಗಿ ನೋಡಿದ್ದು ಮಾಲಿನಿಯ ಮನೆಯ ಕಡೆಗೆ.

ಅಷ್ಟರಲ್ಲಿ ಗಂಗರತ್ನಮ್ಮ ಚಲಪತಿಯ ಶರ್ಟಿನ ಕಾಲರ್ ಹಿಡಿದು, ಸಂತೆಗೆ ಮೇಕೆ ಎಳೆತರುವ ಹಾಗೆ ಎಳೆದು ತಂದಳು. “ನನ್ ಸೊಸೇನ ದೆವ್ವ ಮಾಡಿದ್ದು ಈ ಬಾಯಿ ಮೇಡಂ! ಹೇಳ್ಲಾ, ನೀನೇ ಗಂಟು ಹಾಕಿದ್ದು, ನೀನೇ ಬಿಚ್ಚು!”

“ಅತ್ತೇ, ಬಿಡತ್ತೆ. ನಾನು ಮಾಲಿನಿ ಅಂತ ಎಲ್ಲೇಳ್ದೆ? ಅದು ಆಳೆತ್ತರದ ಕೂದ್ಲು, ಬಾಯಲ್ಲಿ ಬೆಂಕಿ…” ಎಂದು ಚಲಪತಿಯ ನಾಲಿಗೆ ತನ್ನ ಚಾಳಿಗೆ ಹೊರಟೇಬಿಟ್ಟಿತು.

“ಕಾಫಿ, ಮೇಡಂ.”

ಮಂಜಿನ ಒಳಗಿಂದ ಬಿಳಿ ಸ್ವೆಟರು, ಬಿಚ್ಚಿದ ಒದ್ದೆ ಕೂದಲು, ಒಂದು ಲೋಟ. ರಾಮಾಂಜಿನಪ್ಪ ಜಗಲಿಯಿಂದ ಹಾರಿದ. ಅಂಜಮ್ಮ ಮೇಡಮ್ಮನ್ನೇ ತಬ್ಬಿಕೊಂಡಳು. ಮಾಲಿನಿ ಲೋಟ ಹಿಡಿದು ಕಣ್ಣು ಪಿಳುಕಿಸುತ್ತಾ ನಿಂತಳು.

ಚಲಪತಿ ಮಾತ್ರ ಹೆದರಲಿಲ್ಲ. ಅವನ ಎದೆಯ ಮೇಲಿಂದ ಒಂದು ಬಂಡೆ ಇಳಿದು ಹೋಯಿತು. ಓಹೋ, ಇವಳೇನಾ! ಹೋದ ವಾರ ನಸುಕಿನಲ್ಲಿ ಫ್ಯಾಕ್ಟರಿ ವ್ಯಾನಿಗೆಂದು ಅವನು ಹುಣಸೆಮರದ ತಿರುವಿಗೆ ಹೋದಾಗ ನಿಂತಿದ್ದುದು ಹೀಗೇ, ಬಿಚ್ಚುಗೂದಲಿನ ಒಂದು ಹೆಣ್ಣು. ಅಂದಿನಿಂದ ಅವನಿಗೆ ಅನ್ನ ಇಳಿದಿರಲಿಲ್ಲ, ತಲೆನೋವೆಂದು ರಜೆ ಹಾಕಿ ಕಂಬಳಿಯೊಳಗೆ ಕೂತಿದ್ದ. ಮಾಲಿನಿಯೂ ಸೂಳಗಿರಿಯ ಕಂಪನಿಗೆ ಹೋಗುವವಳೇ. ವ್ಯಾನಿಗೆ ಕಾದಿದ್ದಾಳೆ, ಅಷ್ಟೇ!

“ಮೇಡಂ, ತಪ್ಪು ನಂದೇ,” ಎಂದ. “ಜಡೆ ಹಿಡೀಲಿಲ್ಲ, ಬಸ್ಸು ಹತ್ತಿಸ್ಲಿಲ್ಲ. ಮರದ ಕೆಳಗೆ ನಿಂತಿದ್ದು ಈಯಮ್ಮನೇ. ಕಂಡ ತಕ್ಷಣ ಎಕ್ಕಡ ಬಿಟ್ಟು ಓಡ್ಬಂದೆ. ಬಿದ್ದು ಮಂಡಿ ಕಿತ್ತೋಯ್ತು, ನೋಡಿ.” ಪಂಚೆ ಎತ್ತಿ ಗಾಯವನ್ನೂ ತೋರಿಸಿದ.

“ಹೂಂ, ಅವ್ಳೇ ಅವ್ಳೇ!” ಎಂದು ಗಂಗರತ್ನಮ್ಮ ದನಿಗೂಡಿಸಿದಳು.

ಗಲಾಟೆಗೆ ಬಾಗಿಲು ತೆರೆದು ಬಂದಿದ್ದ ಊರು ಹೊಟ್ಟೆ ಹಿಡಿದು ನಕ್ಕಿತು. ನಕ್ಕವರೆಲ್ಲ ಒಬ್ಬರಾದ ಮೇಲೊಬ್ಬರು ಸಾಕ್ಷಿಯನ್ನೂ ಹೇಳಿದರು. ಬಂಗಾರದಂಥ ಹೆಣ್ಣು, ಇಲ್ಲೇ ಇದಾಳೆ, ದುಡಿದು ತಿಂತಾಳೆ. ರಾಧಾಮಣಿ ಕಾಫಿ ಕುಡಿದು, “ವರದಿ ಚೆನ್ನಾಗೇ ಕಳಿಸ್ತೀನಮ್ಮಾ. ಪ್ರಮಾಣ ಮಾಡೋಕೆ ತಯಾರಾಗಿ,” ಎಂದು ಹೆಲ್ಮೆಟ್ಟು ಎತ್ತಿಕೊಂಡರು.

ಮಾಲಿನಿ ಕೂಸನ್ನು ಕಂಕುಳಿಗೇರಿಸಿಕೊಂಡು ಚಲಪತಿಯ ಬಳಿ ಬಂದಳು. ಅವಳ ಕಣ್ಣು ತುಂಬಿತ್ತು. ಮೆಲ್ಲಗೆ ಹೇಳಿದಳು, “ಅಣ್ಣಾ, ನನಗೋಸ್ಕರ ಎಷ್ಟು ದೊಡ್ಡ ಸುಳ್ಳು ಹೇಳಿಬಿಟ್ರಿ. ಈ ಋಣ ಮರೆಯಲ್ಲ.”

“ಸುಳ್ಳಾ?”

“ನಮ್ಮ ವ್ಯಾನು ಮನೆ ಹಿಂದೆಯೇ ಬರುತ್ತಲ್ಲ, ಕೆಲಮಂಗಲದ ಕಡೆಯಿಂದ. ಆ ಹುಣಸೆಮರದ ದಾರಿ ನಾನು ತುಳಿದೇ ಇಲ್ಲಣ್ಣ.”

ಚಲಪತಿ ಹೊರಟ ಸ್ಕೂಟರಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. “ಮೇಡಂ!” ಎಂದು ಕೂಗಿದ.

ಸ್ಕೂಟರ್ ನಿಂತಿತು. “ಏನು? ಇನ್ನೇನಾದ್ರೂ ಹೇಳೋದಿದೆಯಾ?”

ಚಲಪತಿ ಮಾಲಿನಿಯ ಮುಖ ನೋಡಿದ. ಕೂಸು ಅವಳ ಕೂದಲು ಹಿಡಿದು ನಗುತ್ತಿತ್ತು.

“ಇಲ್ಲ ಮೇಡಂ. ಹುಷಾರಾಗಿ ಹೋಗಿ. ಆ ತಿರುವಲ್ಲಿ… ಯಾರಾದ್ರೂ ಕೈ ತೋರ್ಸಿದ್ರೆ ನಿಲ್ಲಿಸ್ಬೇಡಿ.”

ಸ್ಕೂಟರ್ ಮಂಜಿನಲ್ಲಿ ಕರಗಿತು. ರಾಮಾಂಜಿನಪ್ಪ ಇನ್ನೂ ನಗುತ್ತಲೇ ಅವನ ಬೆನ್ನಿಗೆ ಗುದ್ದಿದ. “ಏನ್ಲಾ ಶೂರ, ಮುಖ ಸುಣ್ಣದ ಗೋಡೆ ಆಗೈತೆ? ನಾಳೆಯಿಂದ ಕೆಲ್ಸಕ್ಕೆ ಹೋಯ್ತೀಯೋ ಇಲ್ವೋ? ಒಂದು ಹೊಸದು ಬುಡ್ಲಾ, ಕೇಳಾನ!”

ಚಲಪತಿ ಜಗಲಿಯ ಅಂಚಿಗೆ ಕೂತ. ಇಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ಊರು ಕೇಳಿಯೇ ಇರಲಿಲ್ಲ.

“ನಿಜ ಹೇಳ್ಬುಡ್ತೀನಣ್ಣೋ. ಸಮುದ್ರದಾಚೆ ಭಾಷೆ ಅಂದಿದ್ದೂ ಸುಳ್ಳು. ಅದು ನಮ್ ಕನ್ನಡಾನೇ ಆಡ್ತು. ಈ ಕಡೆ ತಿರುಗಿ, ‘ಏನ್ ಚಲಪತಿ, ಇವತ್ತು ಬೇಗ ಬಂದ್ಬುಟ್ಟೆ?’ ಅಂತು. ದಿನಾ ನನ್ನ ಪಕ್ಕದಾಗೇ ನಿಂತ್ಕಂತಿದ್ದೋಳ ಹಂಗೆ ಕಣಣ್ಣೋ…”